ವಾರಂಗೂಲಿನಲ್ಲಿ ಮಣ್ಣು ಕೊಟ್ಟವರು

ವಾರಂಗೂಲ್, ಆಸ್ಟ್ರೇಲಿಯಾ
24-4-1966

ಅಕ್ಕನಿಗೆ, ಭಾವನವರಿಗೆ ಷಡಕ್ಷರಿಯ ನಮಸ್ಕಾರ.

ನಾನು ಬಂದು ಸೇರಿ ಮೂರು ವಾರವಾಯಿತು. ಚಳಿ ಇನ್ನೂ ಶುರುವಾಗಿಲ್ಲ ಎಂದು ಇಲ್ಲಿಯವರು ಹೇಳುತ್ತಾರೆ. ನನಗೆ ಈಗಲೇ ಹಲ್ಲು ಕಟಕಟ ಅನ್ನುತ್ತಿದೆ. ಸರ್ಕಾರ ನನ್ನನ್ನು ಕಳಿಸಿದ್ದು ಉಣ್ಣೆಯ ಕೆಲಸ ಕಲಿಯಲಿಕ್ಕೆ ತಾನೇ, ಇಲ್ಲಿ ಮನುಷ್ಯರಿಗಿಂತ ಕುರಿಗಳೇ ಜಾಸ್ತಿ. ಒಂದು ವರ್ಷ ಕಲಿಯುವಷ್ಟು ಇದೆ. ಕುರಿಗಳನ್ನೇ ನೋಡಿ ನೋಡಿ, ರಾತ್ರಿ ಕಣ್ಣು ಮುಚ್ಚಿದರೂ ಅವೇ ಬರುತ್ತವೆ.

ಇಳಿದುಕೊಂಡಿರುವುದು ಡೋರಿಸ್ ಹಾಲೆಟ್ ಎಂಬ ವಿಧವೆಯೊಬ್ಬರ ಮನೆಯಲ್ಲಿ. ಅರವತ್ತರ ಹತ್ತಿರದ ಹೆಂಗಸು. ಮಾಂಸ ತಿನ್ನದವನಿಗೆ ಏನು ಹಾಕಬೇಕೆಂದು ತಿಳಿಯದೆ ಮೊದಲ ವಾರ ಮೂರು ಹೊತ್ತೂ ಆಲೂಗಡ್ಡೆ ಬೇಯಿಸಿ ಹಾಕಿದರು. ಅವರದು ಊರಿನ ಪ್ರವಾಸಿ ಕಚೇರಿಯಲ್ಲಿ ಕೆಲಸ. ಅಂದರೆ ಬಂದ ಜನಕ್ಕೆ 'ವಾರಂಗೂಲಿನಲ್ಲಿ ನೋಡತಕ್ಕ ಸ್ಥಳಗಳು' ಎಂಬ ಪುಸ್ತಿಕೆ ಕೊಟ್ಟು ದಾರಿ ಹೇಳುವುದು. ಬರೆದವರೂ ಅವರೇ. ಭಾನುವಾರ ಬಂತೆಂದರೆ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಆ ಪುಸ್ತಿಕೆಯಲ್ಲಿರುವುದನ್ನೆಲ್ಲ ತೋರಿಸುತ್ತಾರೆ.

ಏನೇನು ನೋಡಿದೆ ಕೇಳು. ಒಂದು ಗುಡ್ಡ, ನಮ್ಮ ಮರಡಿಗುಡ್ಡದಷ್ಟೂ ಇಲ್ಲ. ಮೇಲೆ ಹತ್ತಿ ಕಟಕಟೆ ಹಿಡಿದು ಊರು ನೋಡಿ ಇಳಿಯುವುದು. ಆಮೇಲೆ ಒಂದು ಹಳೆಯ ಪೊಲೀಸ್ ಠಾಣೆ. ಎಂಬತ್ತು ವರ್ಷದ್ದಂತೆ, ಜನ ಟೋಪಿ ತೆಗೆದು ಒಳಗೆ ಹೋಗುತ್ತಾರೆ. ಅಪ್ಪನ ಅಂಗಡಿಯ ತೊಲೆಗೇ ಅದಕ್ಕಿಂತ ವಯಸ್ಸಾಗಿದೆ ಎಂದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಯಾವನೋ ಸಾಹೇಬ ಹೆಸರು ಕೆತ್ತಿದ ಮರಕ್ಕೆ ಬೇಲಿ ಕಟ್ಟಿ ಬೋರ್ಡು ಹಾಕಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ನೂರಾರು ವರ್ಷದ ದೊಡ್ಡಸಂಪಿಗೆ ಮರ ಕಂಡವನಿಗೆ ಇದನ್ನು ತೋರಿಸಿದರೆ ಏನು ಹೇಳಲಿ?

ಜಲಪಾತ ಮಾತ್ರ ಚೆನ್ನಾಗಿದೆ. ನಮ್ಮ ಭರಚುಕ್ಕಿಯ ಮುಂದೆ ಅದು ಹಿತ್ತಿಲ ಕೊಳಾಯಿ, ಆದರೂ ಹತ್ತಿರ ಕೂತರೆ ಎದ್ದು ಬರಲು ಮನಸ್ಸಾಗುವುದಿಲ್ಲ. 'ಹೇಗಿದೆ?' ಎಂದು ಡೋರಿಸಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಬಹಳ ಚೆನ್ನಾಗಿದೆ ಎಂದೆ. ಸುಳ್ಳಲ್ಲ.

ಅಪ್ಪನಿಗೆ ಬೇರೆ ಬರೆಯುತ್ತೇನೆ. ಹನೂರಿನ ಹುಡುಗಿಯ ವಿಷಯ ನಾನು ಬರುವ ತನಕ ತಡೆಯಲಿ.

ನಿನ್ನ ತಮ್ಮ,
ಷಡಕ್ಷರಿ


ಕೊಳ್ಳೇಗಾಲ
12-5-1966

ಚಿರಂಜೀವಿ ಷಡಕ್ಷರಿಗೆ,

ನಿನ್ನ ಕಾಗದ ಬಂದ ದಿನವೇ ಅಪ್ಪನೂ ಕೌದಳ್ಳಿಯಿಂದ ಬಂದಿದ್ದರು. ನಿನ್ನ ಭಾವ ಸ್ಕೂಲಿನಲ್ಲಿ ಪಾಠ ಮಾಡುವ ಗತ್ತಿನಲ್ಲೇ ಗಟ್ಟಿಯಾಗಿ ಓದಿದರು. ಎಲ್ಲ ಕೇಳಿ ಅಪ್ಪ ಹೇಳಿದ್ದಿಷ್ಟು: 'ಅಲ್ಲಾ, ಗುಡ್ಡುದ್ ಮೇಲೆ ಯಾವ ದೇವ್ರು ಅಂತ ಬರಿನೇ ಇಲ್ವಲ್ಲ ಇವ್ನು?'

ನನಗೂ ಅದೇ ಅನುಮಾನ. ಗುಡ್ಡ, ಹೊಳೆ, ಮರ ಎಲ್ಲ ಬರೆದೆ, ಎಲ್ಲಿ ಯಾರಿದ್ದಾರೆ ಎಂದು ಬರೆಯಲಿಲ್ಲ. ಬರೀ ನೋಡುವುದಕ್ಕೆ ಯಾರಾದರೂ ಗುಡ್ಡ ಹತ್ತುತ್ತಾರೆಯೇ? ನಾನು ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಯಿತು, ಭರಚುಕ್ಕಿ ಎಂಟು ಹತ್ತು ಮೈಲಿ, ಒಂದು ಸಲವೂ ನೋಡಿಲ್ಲ. ಶಿವನಸಮುದ್ರದ ಗುಡಿಗೆ ಹೋಗಿದ್ದೇನೆ, ಕೈಮುಗಿದು ಅದೇ ಬಸ್ಸಿಗೆ ವಾಪಸು ಬಂದಿದ್ದೇನೆ. ನೀರು ಬೀಳುವುದರಲ್ಲಿ ನೋಡುವುದೇನು ಎಂದು ಯಾರಿಗೂ ಅನ್ನಿಸಲಿಲ್ಲ.

ಆ ಹೆಂಗಸು ನಿನ್ನನ್ನು ಮಗನ ಹಾಗೆ ನೋಡಿಕೊಳ್ಳುತ್ತಿರುವುದು ಓದಿ ಹೊಟ್ಟೆ ತಣ್ಣಗಾಯಿತು. ಅವ್ವ ಹೋದಾಗ ನಿನಗೆ ಹನ್ನೊಂದು ವರ್ಷ. ಅಂದಿನಿಂದ ಕೌದಳ್ಳಿಯಲ್ಲೂ ಇಲ್ಲೂ ನಿನಗೆ ಊಟ ಇಟ್ಟವಳು ನಾನು. ಈಗ ಬೇರೆಯವರು ಇಡುತ್ತಿದ್ದಾರೆಂದು ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಅಂದುಕೋ. ಅವರಿಗೆ ಒಂದು ಹುಳಿ ಮಾಡುವುದು ಕಲಿಸು. ಬೆಳಗಿನ ಲಿಂಗಪೂಜೆ ಚಳಿ ಎಂದು ಬಿಡಬೇಡ.

ಶಿವರತ್ನಮ್ಮ


ವಾರಂಗೂಲ್
19-6-1966

ಅಕ್ಕನಿಗೆ ನಮಸ್ಕಾರ.

ಗುಡ್ಡದ ಮೇಲೆ ಯಾವ ದೇವರೂ ಇಲ್ಲ, ಹೊಳೆಯಲ್ಲೂ ಇಲ್ಲ. ನಿನ್ನ ಪ್ರಶ್ನೆಯನ್ನು ಡೋರಿಸಮ್ಮನಿಗೆ ಹೇಳಿದೆ. ಅವರು, 'ನೋಡಿದರೆ ಮನಸ್ಸಿಗೆ ಹಿತವಾಗುತ್ತೆ, ಅಷ್ಟೇ' ಎಂದರು. ಅಪ್ಪನಿಗೆ ಇದು ಒಪ್ಪಿಗೆಯಾಗುವುದಿಲ್ಲ ಎಂದು ಗೊತ್ತು. ಹೇಗಾದರೂ ಸಮಾಧಾನ ಹೇಳು.

ಪೂಜೆ ಬಿಟ್ಟಿಲ್ಲ. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿದ್ದಾಗ ಮೊದಲ ದಿನ ಅವರು ಕಾಫಿ ತಂದು, ಕಂಡು, ಬಾಗಿಲಿನಲ್ಲೇ ನಿಂತರು. ಅಂದಿನಿಂದ ನಾನು ಏಳುವ ತನಕ ಅಡಿಗೆಮನೆಯಲ್ಲಿ ಒಂದು ಚಮಚದ ಸದ್ದೂ ಇಲ್ಲ. ಏನದು ಎಂದು ಕೇಳಿದರು. ನನ್ನ ದೇವರು, ಸಾಯುವ ತನಕ ಮೈಮೇಲೆ ಇರುತ್ತದೆ, ಸತ್ತ ಮೇಲೂ ಕೈಯಲ್ಲೇ ಇರುತ್ತದೆ ಎಂದೆ.

ಜಲಪಾತಕ್ಕೆ ಈಗ ಪ್ರತಿ ಭಾನುವಾರ ನಾನೇ ಕೇಳಿ ಹೋಗುತ್ತೇನೆ. ಅವರು ಕಾರಿನಲ್ಲಿ ಕೂತು ಏನೋ ಹೆಣೆಯುತ್ತಿರುತ್ತಾರೆ, ನಾನು ಬಂಡೆಯ ಮೇಲೆ ಕೂತಿರುತ್ತೇನೆ. ನೀನು ಭರಚುಕ್ಕಿಗೆ ಹೋಗಿ ಬಾ ಅಕ್ಕ. ಕೈಮುಗಿಯಲಿಕ್ಕೆ ಬೇಡ, ನೋಡಲಿಕ್ಕೆ ಹೋಗು. ಹೋಗಿ ಬಂದು ಹೇಗಿತ್ತು ಬರೆ.

ಮುಂದಿನ ವಾರದಿಂದ ದೂರದ ಕುರಿ ಫಾರಂಗಳ ಸುತ್ತಾಟ. ಗುಡ್ಡದ ದಾರಿ, ಜೀಪು. ಕಾಗದ ತಡವಾದರೆ ಗಾಬರಿಯಾಗಬೇಡ.

ಷಡಕ್ಷರಿ


ಕೌದಳ್ಳಿ
20-7-1966

ರತ್ನನಿಗೆ,

ಅಳಿಯಂದಿರು ಬಂದು ಹೇಳಿ ಹೋದರು. ಅವರನ್ನು ಒಂದು ಲೋಟ ನೀರಿಗೂ ಕೇಳಲಿಲ್ಲ. ತಪ್ಪು ತಿಳಿಯಬೇಡಿ ಎಂದು ಹೇಳು.

ಜೀಪು ಉರುಳಿತು, ಮಗ ಅಲ್ಲೇ ಹೋದ ಎಂದರು. ಅಷ್ಟು ದೂರದಿಂದ ದೇಹ ತರುವುದಾಗದು, ಏನು ಮಾಡೋಣ ಎಂದು ಅಲ್ಲಿಯವರು ತಂತಿಯಲ್ಲಿ ಕೇಳಿದರಂತೆ. ನಮ್ಮ ಪದ್ಧತಿಯಂತೆ ಮಾಡಿ ಎಂದು ಇವರು ತಂತಿ ಕೊಟ್ಟರಂತೆ. ಸರಿಯಾಗಿ ಮಾಡಿದರು. ಎಲ್ಲಿಯ ಮಣ್ಣಾದರೂ ಮಣ್ಣೇ.

ಆದರೆ ನನಗೆ ಕೆಲವು ಗೊತ್ತಾಗಬೇಕು. ಆ ಹೆಂಗಸಿಗೆ ಬರೆಸಿ ಕೇಳು. ಅವನನ್ನು ಕೂರಿಸಿದರೋ ಇಲ್ಲವೋ. ಲಿಂಗ ಕೈಯಲ್ಲಿ ಇಟ್ಟರೋ. ವಿಭೂತಿ ಹಚ್ಚಿದವರು ಯಾರು. ಮೊದಲ ಹಿಡಿ ಮಣ್ಣು ಕೊಟ್ಟವರು ಯಾರು. ನಿಮ್ಮವ್ವನಿಗೆ ಮೊದಲ ಹಿಡಿ ಕೊಟ್ಟವನು ಅವನೇ. ಅಷ್ಟು ಸಣ್ಣ ಕೈಯಲ್ಲಿ ಎಷ್ಟು ಹಿಡಿಯಿತೋ ಅಷ್ಟು. ಇವನಿಗೆ ಕೊಟ್ಟವರು ಯಾರು ಎಂದು ತಿಳಿಯದೆ ನನಗೆ ಅನ್ನ ಇಳಿಯುತ್ತಿಲ್ಲ.

ಗುರುಮಲ್ಲಪ್ಪ


ವಾರಂಗೂಲ್
14-7-1966
(ಇಂಗ್ಲಿಷಿನಲ್ಲಿ ಬಂದದ್ದು, ಕೈಸೇರಿದ್ದು ಆಗಸ್ಟಿನಲ್ಲಿ. ಶಿವರತ್ನಮ್ಮನ ಯಜಮಾನರು ಸದಾಶಿವಪ್ಪನವರು ಕನ್ನಡದಲ್ಲಿ ಬರೆದುಕೊಟ್ಟದ್ದು.)

ಪ್ರಿಯ ಶಿವರತ್ನಮ್ಮನವರಿಗೆ,

ನಾನು ನಿಮ್ಮ ತಮ್ಮ ಇಳಿದುಕೊಂಡಿದ್ದ ಮನೆಯ ಒಡತಿ. ಅವನ ಮಾತಿನಿಂದ ನಿಮ್ಮನ್ನು ಬಲ್ಲೆ. ಇಂಥ ಕಾಗದ ಬರೆದು ಅಭ್ಯಾಸವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಳೆಯಲ್ಲಿ ಜೀಪು ಜಾರಿ ಕಮರಿಗೆ ಬಿತ್ತು. ಅವನು ನರಳಲಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಅವರನ್ನು ಎರಡು ಸಲ ಕೇಳಿದೆ.

ನಿಮ್ಮ ತಂತಿ ಬಂತು. ನಿಮ್ಮ ಪದ್ಧತಿ ಏನೆಂದು ಇಲ್ಲಿ ಯಾರಿಗೂ ತಿಳಿಯದು. ನಮ್ಮ ಪಾದ್ರಿಗಳಿಗೂ ತಿಳಿಯಲಿಲ್ಲ. ನಾನು ಲೈಬ್ರರಿಗೆ ಹೋಗಿ ಹಿಂದೂಗಳ ವಿಷಯವಾಗಿ ಇದ್ದ ಒಂದೇ ಪುಸ್ತಕ ಓದಿದೆ. ಹಿಂದೂಗಳು ದಹನ ಮಾಡಿ ಬೂದಿಯನ್ನು ಹರಿಯುವ ನೀರಿಗೆ ಬಿಡುತ್ತಾರೆ ಎಂದು ಅದರಲ್ಲಿತ್ತು. ಈ ಊರಿನಲ್ಲಿ ದಹನಕ್ಕೆ ಏರ್ಪಾಡಿಲ್ಲ. ಇಲ್ಲೇ ಹೂಳಿಬಿಡಿ, ಯಾರಿಗೆ ತಿಳಿಯುತ್ತದೆ ಎಂದು ಕೆಲವರು ಅಂದರು. ಕೂಡದು, ಅವನ ಜನ ಅವರ ಪದ್ಧತಿಯನ್ನೇ ಕೇಳಿದ್ದಾರೆ ಎಂದು ನಾನು ಹಟ ಹಿಡಿದೆ. ಇನ್ನೂರು ಮೈಲಿ ದೂರದ ಪಟ್ಟಣಕ್ಕೆ ಅವನ ಜೊತೆಯಲ್ಲಿ ನಾನೇ ಹೋದೆ.

ಅವನ ಬೆಳ್ಳಿಯ ಕರಡಿಗೆಯಲ್ಲಿದ್ದ ಕಪ್ಪು ಕಲ್ಲನ್ನು ತೆಗೆದು ಅವನ ಎಡಗೈಯಲ್ಲಿಟ್ಟು ಬೆರಳು ಮಡಿಸಿದೆ. ದಿನವೂ ಬೆಳಿಗ್ಗೆ ಹಾಗೇ ಇರುವುದನ್ನು ಕಂಡಿದ್ದೆ. ಬೂದಿಯನ್ನು ಭಾನುವಾರ ನಮ್ಮ ಜಲಪಾತಕ್ಕೆ ಬಿಟ್ಟೆ. ಈ ಊರಿನಲ್ಲಿ ಅವನು ತಾನಾಗಿ ಕೇಳಿ ಹೋಗುತ್ತಿದ್ದ ಜಾಗ ಅದೊಂದೇ.

ಎಲ್ಲವೂ ನಿಮ್ಮ ಪದ್ಧತಿಯಂತೆ ನಡೆಯಿತೆಂದು ನಂಬಿದ್ದೇನೆ. ಅವನು ಇಲ್ಲದ ಮನೆ ಬಿಕೋ ಅನ್ನುತ್ತಿದೆ.

ಡೋರಿಸ್ ಹಾಲೆಟ್


ಕೊಳ್ಳೇಗಾಲ
3-8-1966

ಅಪ್ಪನವರ ಪಾದಗಳಿಗೆ,

ನೀವು ಕೇಳಿದ್ದಕ್ಕೆಲ್ಲ ಉತ್ತರ, ನಾವು ಬರೆಸುವ ಮುಂಚೆಯೇ ಬಂದಿದೆ. ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ನೀವು ಒಬ್ಬರೇ ಕೂತು ಓದಬೇಡಿ. ಚಿಕ್ಕಪ್ಪನವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೇಗೆ ಹೇಳಿದರೂ ಅದೇ ಮಾತು, ಹೇಳಿಬಿಡುತ್ತೇನೆ. ಅವನನ್ನು ಮಣ್ಣು ಮಾಡಲಿಲ್ಲ. ಸುಟ್ಟರು.

ನಿಮ್ಮ ಅಳಿಯ ಆ ಕಾಗದ ಓದಿ ನಡುಮನೆಯಲ್ಲಿ ಕೂತವರು ಸಂಜೆಯವರೆಗೆ ಏಳಲಿಲ್ಲ. 'ನಂದೇ ತಪ್ಪು ಕಣೆ. ಮಣ್ ಮಾಡಿ ಅಂತ ಒಂದ್ ಮಾತು ಸೇರುಸ್ಬೇಕಿತ್ತು' ಅನ್ನುತ್ತಾರೆ. ಅವರೊಬ್ಬರದೇ ತಪ್ಪಲ್ಲ ಅಪ್ಪ. ತಂತಿ ಬರೆಯುವಾಗ ನಾನೂ ಪಕ್ಕದಲ್ಲಿದ್ದೆ. ನಮ್ಮ ಪದ್ಧತಿ ಎಂದರೆ ಸಾಕು, ಲೋಕಕ್ಕೇ ಗೊತ್ತು ಎಂದುಕೊಂಡೆವು. ಕೌದಳ್ಳಿಯಿಂದ ಮೈಸೂರಿನವರೆಗೆ ಯಾರೂ ನಮ್ಮನ್ನು ಹೇಗೆ ಮಣ್ಣು ಮಾಡುತ್ತೀರಿ ಎಂದು ಕೇಳಿದವರಿಲ್ಲ. ಅದನ್ನು ಬಿಡಿಸಿ ಹೇಳಬೇಕಾದ ಊರೊಂದು ಇರಬಹುದು ಎಂದು ಹೊಳೆಯಲೇ ಇಲ್ಲ.

ಊರಿನವರು ಹೂಳೋಣ ಅಂದರಂತೆ. ಆಕೆ ನಮ್ಮ ಮಾತು ಉಳಿಸಲಿಕ್ಕೆ ಹೋರಾಡಿ ಸುಡಿಸಿದ್ದಾರೆ. ಇದನ್ನು ನೆನೆಸಿಕೊಂಡರೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಲಿಂಗ ಮಾತ್ರ ಕೈಯಲ್ಲೇ ಇತ್ತು. ಅದೂ ಎಡಗೈಯಲ್ಲಿ.

ನಿಮ್ಮ ಮಗಳು,
ಶಿವರತ್ನ


ಕೌದಳ್ಳಿ
11-8-1966

ರತ್ನನಿಗೆ,

ಓದಿದೆ. ಒಬ್ಬನೇ ಓದಿದೆ.

ಬೆಳಿಗ್ಗೆ ಹೊಲಕ್ಕೆ ಹೋಗಿ ನಿಮ್ಮವ್ವನ ಪಕ್ಕದಲ್ಲಿ ನಿಂತೆ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡೆ. ಯಾರಿಗೆ ಕೊಡಲಿ? ಅಲ್ಲೇ ಚೆಲ್ಲಲು ಕೈ ಬರಲಿಲ್ಲ. ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

ಆ ಹೆಂಗಸಿಗೆ ಬರೆಸು. ನನ್ನ ಮಗನನ್ನು ಸುಟ್ಟಿದ್ದೀರಿ ಎಂದು ಬರೆಸು. ಒಳ್ಳೆಯವಳೇ ಇರಬಹುದು. ಆದರೆ ಮಾಡಿದ್ದು ಏನೆಂದು ಅವಳಿಗೆ ಗೊತ್ತಾಗಬೇಕು. ನಾನು ಒಬ್ಬನೇ ಹೊತ್ತುಕೊಂಡು ತಿರುಗಲಾರೆ.

ಗಣಾರಾಧನೆಗೆ ಅಕ್ಕಿ ಬೇಳೆ ತರಿಸಿದ್ದೆ, ವಾಪಸು ಕಳಿಸಿದೆ. ಮಣ್ಣು ಕೊಟ್ಟ ಜನಕ್ಕೆ ಊಟ ಹಾಕುವುದು ಕ್ರಮ. ಕೊಟ್ಟವರೇ ಇಲ್ಲ, ಯಾರಿಗೆ ಹಾಕಲಿ? ಅವನಿಗೆ ಮಣ್ಣು ಸಿಕ್ಕುವ ತನಕ ಈ ಮನೆಯಲ್ಲಿ ಅವನ ಹೆಸರಿನ ಎಲೆ ಹಾಸುವುದಿಲ್ಲ. ಐನೋರು ಬಂದು ಹೇಳಿದರೂ ಇಲ್ಲ.

ಗುರುಮಲ್ಲಪ್ಪ


ಕೊಳ್ಳೇಗಾಲ
28-8-1966

ಡೋರಿಸಮ್ಮನವರಿಗೆ ಶಿವರತ್ನಮ್ಮ ಮಾಡುವ ವಂದನೆಗಳು.

ಇದನ್ನು ನನ್ನ ಯಜಮಾನರು ಇಂಗ್ಲಿಷಿಗೆ ಮಾಡಿ ಬರೆಯುತ್ತಿದ್ದಾರೆ. ಮಾತು ನನ್ನದು.

ನನ್ನ ತಮ್ಮನನ್ನು ಇನ್ನೂರು ಮೈಲಿ ಒಂಟಿಯಾಗಿ ಕಳಿಸದೆ ಜೊತೆಗೆ ಹೋದಿರಿ. ಅವನ ಬೆರಳು ಮಡಿಸಿದಿರಿ. ಅದನ್ನು ನಾನು ಮಾಡಬೇಕಿತ್ತು. ನಿಮ್ಮ ಕೈಗಳನ್ನು ಕಣ್ಣಿಗೊತ್ತಿಕೊಳ್ಳಬೇಕೆನ್ನಿಸುತ್ತದೆ.

ಅವನು ಕೊನೆಯ ಕಾಗದದಲ್ಲಿ ಭರಚುಕ್ಕಿ ನೋಡಿ ಬಾ ಎಂದಿದ್ದ. ಮೊನ್ನೆ ಹೋಗಿದ್ದೆ. ಮಳೆಗಾಲ, ಹೊಳೆ ತುಂಬಿ ಧುಮುಕುತ್ತಿತ್ತು. ನೋಡುತ್ತಾ ನಿಂತೆ, ಆಮೇಲೆ ಅಳು ಬಂತು, ನೀರಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ನೋಡುವುದಕ್ಕೆಂದೇ ಅಲ್ಲಿಗೆ ಏಕೆ ಹೋಗುತ್ತಾರೆ ಎಂದು ಈಗ ಗೊತ್ತಾಯಿತು.

ನಿಮ್ಮಿಂದ ಒಂದು ಉಪಕಾರ ಆಗಬೇಕು. ನಿಮ್ಮ ಜಲಪಾತದ ಹತ್ತಿರ ನೆಲದಿಂದ ಒಂದು ಹಿಡಿ ಮಣ್ಣು ತೆಗೆದುಕೊಳ್ಳಿ. ಬಲಗೈಯಲ್ಲಿ. ಅವನನ್ನು ಬಿಟ್ಟ ಜಾಗದಲ್ಲೇ ಅದನ್ನು ನೀರಿಗೆ ಹಾಕಿ. ಬಾಯಿಗೆ ಬಂದರೆ ಅವನ ಹೆಸರು ಹೇಳಿ. ಏಕೆ ಎಂದು ಕೇಳಬೇಡಿ. ನಮ್ಮ ತಂದೆಗೆ ಇದರಿಂದ ನೆಮ್ಮದಿಯಾಗುತ್ತದೆ ಎಂದು ಆಸೆ.

ಶಿವರತ್ನಮ್ಮ


ವಾರಂಗೂಲ್
22-1-1967
(ಸದಾಶಿವಪ್ಪನವರ ಕನ್ನಡ.)

ಪ್ರಿಯ ಶಿವರತ್ನಮ್ಮನವರಿಗೆ,

ನೀವು ಹೇಳಿದ ಹಾಗೆ ಮಾಡಿದೆ ಎಂದು ಸೆಪ್ಟೆಂಬರಿನಲ್ಲೇ ಒಂದು ಸಾಲು ಬರೆದಿದ್ದೆ. ಆಮೇಲೆ ಆದದ್ದನ್ನು ಹೇಳದೆ ಇರಲಾರೆ. ನೀವು ಸಿಟ್ಟಾಗುತ್ತೀರೋ ಏನೋ ಎಂಬ ಭಯವೂ ಇದೆ.

ಅಂದು ಜಲಪಾತಕ್ಕೆ ಒಂದು ಬಸ್ಸಿನ ತುಂಬ ಪ್ರವಾಸಿಗಳು ಬಂದಿದ್ದರು. ನಾನು ಬಗ್ಗಿ ಮಣ್ಣು ತೆಗೆದು, ಅವನ ಹೆಸರು ಹೇಳಿ, ನೀರಿಗೆ ಹಾಕಿದ್ದನ್ನು ಕಂಡು ಮುದುಕರೊಬ್ಬರು ಬಂದು ಏನಿದು ಎಂದರು. ನನಗೂ ತಿಳಿಯದಲ್ಲ. 'ಈ ಜಾಗ ಇಷ್ಟಪಟ್ಟ ಒಬ್ಬ ಹುಡುಗನಿಗೆ' ಎಂದೆ. ಅವರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ತಾವೂ ಒಂದು ಹಿಡಿ ಹಾಕಿದರು. ಅವರ ಹೆಂಡತಿಯೂ ಹಾಕಿದರು. ಒಬ್ಬರ ಹಿಂದೆ ಒಬ್ಬರು ಬಸ್ಸಿನವರೆಲ್ಲ ಬಂದರು.

ನಾನು ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆ ಬಸ್ಸಿನ ಡ್ರೈವರು ಈಗ ತಾನು ಕರೆತಂದವರಿಗೆಲ್ಲ ಹೇಳುತ್ತಾನೆ. ಇದು ಇಲ್ಲಿಯ ಹಳೆಯ ಸಂಪ್ರದಾಯ ಎಂದು ಜನ ತಿಳಿದಿದ್ದಾರೆ. ಇಲ್ಲಿ ಈಗ ಬೇಸಿಗೆ, ರಜೆಯಲ್ಲಿ ಬಂದವರಲ್ಲಿ ಮಣ್ಣು ಹಾಕದೆ ಹೋದವರು ಕಡಿಮೆ, ಮಕ್ಕಳಂತೂ ಎರಡೆರಡು ಹಿಡಿ ಹಾಕುತ್ತಾರೆ. ಜಲಪಾತದ ಕಟಕಟೆಯ ಬಳಿ ನೆಲ ಗುಂಡಿ ಬಿದ್ದಿತೆಂದು ಪುರಸಭೆಯವರು ಗೊಣಗುತ್ತ ಗಾಡಿಯಲ್ಲಿ ಮಣ್ಣು ತಂದು ಸುರಿದಿದ್ದಾರೆ. ಪುಸ್ತಿಕೆಯ ಹೊಸ ಮುದ್ರಣದಲ್ಲಿ ಒಂದು ಸಾಲು ಸೇರಿಸಿ ಎಂದು ಕಚೇರಿಯವರು ಹೇಳುತ್ತಿದ್ದಾರೆ. ನಿಮ್ಮನ್ನು ಕೇಳದೆ ಸೇರಿಸುವುದಿಲ್ಲ.

ಇದು ನಿಮ್ಮ ಧರ್ಮಕ್ಕೆ ವಿರೋಧವಾದರೆ ಬರೆಯಿರಿ. ನಾನೇ ಅಲ್ಲಿ ನಿಂತು ಎಲ್ಲರಿಗೂ ಬೇಡ ಎನ್ನುತ್ತೇನೆ.

ಡೋರಿಸ್ ಹಾಲೆಟ್


ಕೊಳ್ಳೇಗಾಲ
9-2-1967

ಅಪ್ಪನವರ ಪಾದಗಳಿಗೆ,

ಡೋರಿಸಮ್ಮನ ಕಾಗದ ಇಟ್ಟಿದ್ದೇನೆ, ಓದಿ. ನಿಮ್ಮ ಅಳಿಯ ಅದನ್ನು ಕನ್ನಡದಲ್ಲಿ ಬರೆದು ಮುಗಿಸುವಷ್ಟರಲ್ಲಿ ಎರಡು ಸಲ ಎದ್ದು ಹೊರಗೆ ಹೋಗಿ ಬಂದರು. ಆಕೆಯ ಮೊದಲ ಕಾಗದ ಬಂದ ದಿನದಿಂದ ಅವರು ನನ್ನ ಮುಖ ನೇರ ನೋಡಿರಲಿಲ್ಲ. ಇವತ್ತು ನೋಡಿದರು.

ನೀವು ಹೇಳಿದ್ದನ್ನು ನಾನು ಆಕೆಗೆ ಬರೆಸಲಿಲ್ಲ. ಬರೆಸುವುದೂ ಇಲ್ಲ, ನೀವು ಬೈದರೂ ಸರಿ. ನಮ್ಮ ಮಾತು ನಡೆಸಲು ಅಷ್ಟು ಪಾಡು ಪಟ್ಟವರಿಗೆ, ನೀವು ಮಾಡಿದ್ದು ತಪ್ಪು ಎಂದು ಯಾವ ಬಾಯಲ್ಲಿ ಹೇಳಲಿ? ಬರೀ ಮಣ್ಣು ಹಾಕಿ ಎಂದು ಕೇಳಿದೆ. ಒಬ್ಬರು ಹಾಕಿದರೆ ಸಾಕು ಎಂದು ಕೇಳಿದ್ದು. ಹಾಕಿದೆ ಎಂದು ಸೆಪ್ಟೆಂಬರಿನಲ್ಲೇ ಬರೆದಿದ್ದರು, ನಿಮಗೆ ಒಪ್ಪಿಗೆಯಾಗುತ್ತದೋ ಇಲ್ಲವೋ ಎಂದು ಹೆದರಿ ನಾನು ತಿಳಿಸಿರಲಿಲ್ಲ.

ಪುಸ್ತಿಕೆಯಲ್ಲಿ ಸೇರಿಸಿ ಎಂದು ಇವತ್ತೇ ಬರೆಸಿದೆ. ಅವನು ಎಲ್ಲೂ ಇಲ್ಲ ಎಂದು ಏಳು ತಿಂಗಳು ಎದೆ ಹಿಂಡುತ್ತಿತ್ತು. ನನ್ನ ಮಟ್ಟಿಗೆ ನನ್ನ ತಮ್ಮನಿಗೆ ಮಣ್ಣು ಸಿಕ್ಕಿತು. ನಿಮ್ಮ ಮನಸ್ಸು ಏನು ಹೇಳುತ್ತದೋ ನೀವು ಬರೆಯಬೇಕು.

ಶಿವರತ್ನ


ಕೌದಳ್ಳಿ
15-3-1967

ರತ್ನನಿಗೆ ನಿನ್ನ ಅಪ್ಪನ ಆಶೀರ್ವಾದ.

ಉತ್ತರ ತಡವಾಯಿತು. ನಿನ್ನ ಕಾಗದ ಬಂದ ದಿನದಿಂದ ಒಂದೇ ಯೋಚನೆಯಾಗಿತ್ತು. ಅಷ್ಟು ಜನ ನನ್ನ ಮಗನಿಗೆ ಮಣ್ಣು ಕೊಟ್ಟಿದ್ದಾರೆ. ನಾನು ಸತ್ತರೆ ನನಗೆ ಅಷ್ಟು ಜನ ಸೇರುವುದಿಲ್ಲ. ಅವರು ಯಾರೋ, ಯಾವ ಊರೋ. ಮಣ್ಣು ಕೊಟ್ಟವರೆಲ್ಲ ಹಸಿದುಕೊಂಡು ಹೋಗಿದ್ದಾರೆ. ನಮ್ಮ ಮನೆಯಲ್ಲಿ ಹಾಗೆ ಎಂದೂ ಆದದ್ದಿಲ್ಲ.

ಅವರನ್ನು ಎಲ್ಲಿಂದ ಹುಡುಕಿ ತರಲಿ? ಶಿವರಾತ್ರಿ ಕಳೆಯಿತು. ಮಾದಪ್ಪನ ಬೆಟ್ಟಕ್ಕೆ ಹೋಗಿದ್ದ ಜನ ಗುಂಪು ಗುಂಪಾಗಿ ನಡೆದು ನಮ್ಮ ಅಂಗಡಿಯ ಮುಂದೆಯೇ ವಾಪಸು ಹೋಗುತ್ತಿದ್ದರು. ಉಪವಾಸ ಜಾಗರಣೆ ಮಾಡಿ ಕಾಲೆಳೆಯುತ್ತ ಬರುತ್ತಿದ್ದವರು. ರಸ್ತೆ ಪಕ್ಕದಲ್ಲಿ ಚಪ್ಪರ ಹಾಕಿಸಿ ಎಲೆ ಹಾಸಿದೆ. ಅನ್ನ, ಹುಳಿ, ಪಾಯಸ. ಯಾವ ಊರು, ಯಾವ ಕುಲ ಎಂದು ಯಾರನ್ನೂ ಕೇಳಕೂಡದೆಂದು ಬಡಿಸುವವರಿಗೆ ತಾಕೀತು ಮಾಡಿದ್ದೆ. ಬೆಳಿಗ್ಗೆ ಹಚ್ಚಿದ ಒಲೆ ಹೊತ್ತು ಮುಳುಗಿದ ಮೇಲೆ ಆರಿಸಿದೆವು. ಚಿಕ್ಕಪ್ಪ ಸಾಕು ಅಣ್ಣ, ಕೂತುಕೋ ಎಂದ. ಕೂರಲಿಲ್ಲ, ಎಲ್ಲರಿಗೂ ಪಾಯಸ ನಾನೇ ಬಡಿಸಿದೆ.

ಉಂಡು ಕೈ ತೊಳೆದ ಮುದುಕನೊಬ್ಬ ಹತ್ತಿರ ಬಂದ. ಗಡಿಯ ಆ ಕಡೆಯವನಿರಬೇಕು, ಮಾತಿನಲ್ಲಿ ತಮಿಳು ಸೇರಿತ್ತು. 'ಯಾರ್ದು ಸಾ ಕಾರ್ಯ?' ಎಂದು ಕೇಳಿದ.

'ನನ್ ಮಗುಂದು' ಅಂದೆ.

'ಮಣ್ಗೆ ನಾವು ಬರ್ನಿಲ್ವಲ್ಲ ಸಾ. ಊಟ ಮಾತ್ರ ಉಂಡ್ಬುಟ್ವಿ' ಎಂದು ನೊಂದುಕೊಂಡ.

'ನಿಮ್ಮಂತೋರೆ ಬಂದು ಕೊಟ್ರು ಕಣಪ್ಪ. ನೀವ್ ಉಂಡುದ್ದು ಅವ್ರ್ ಉಂಡಂಗೆಯ' ಅಂದೆ.

ಅವನು ಬೆಟ್ಟದಿಂದ ತಂದಿದ್ದ ವಿಭೂತಿಯನ್ನು ನನ್ನ ಹಣೆಗೆ ಹಚ್ಚಿ ಹೋದ. ಆಮೇಲೆ ನಾನೂ ಎಲೆಯ ಮುಂದೆ ಕೂತೆ. ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಆ ತಾಯಿಗೆ ಬರೆಸು, ನಿಮ್ಮ ಕಡೆಯವರದೆಲ್ಲ ಊಟ ಆಯಿತು ಎಂದು. ಯಾವ ಊಟ ಎಂದು ಅವರು ಕೇಳಿದರೆ ಹೇಳಬೇಡ.

ನಿನ್ನ ಅಪ್ಪ,
ಗುರುಮಲ್ಲಪ್ಪ